ತಾಯಿಗೊಂದು ನುಡಿನಮನ ಬರೆಯುವ ಬಗೆ

13ನೆಯ ದಿನದ ವೈಕುಂಠ ಸಮಾರಾಧನೆಯಲ್ಲಿ ಓದಲು ತಾಯಿಯ ಕುರಿತು ನುಡಿನಮನ ಬರೆಯುವವರು, ‘ಮಮತಾಮಯಿ’, ‘ತ್ಯಾಗಮಯಿ’ ಎಂಬ ವಿಶೇಷಣಗಳನ್ನು ಬದಿಗಿಟ್ಟು, ಅವರು ಮಾಡುತ್ತಿದ್ದ ಕೆಲಸಗಳಿಂದಲೇ ಆರಂಭಿಸಬೇಕು. ನೆರೆಮನೆಯ ಬಾಣಂತಿಗೆ ಸಾರು ಮಾಡಿ ಕಳುಹಿಸಿದ್ದು, ಯಾರದೋ ಮಗುವಿನ ಶಾಲಾ ಶುಲ್ಕಕ್ಕೆ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ಹಣವನ್ನು ತೆಗೆದುಕೊಟ್ಟದ್ದು, ಇಂತಹ ಒಂದೇ ಪ್ರಸಂಗವನ್ನು ಅವರಾಡಿದ ಮಾತುಗಳ ಸಮೇತ ವಿವರವಾಗಿ ಬರೆದರೆ, ಹತ್ತು ಹೊಗಳಿಕೆಗಳಿಗಿಂತ ಅವರು ಸ್ಪಷ್ಟವಾಗಿ ಕಾಣುತ್ತಾರೆ. ಮಕ್ಕಳಿಗೆ ತಿಳಿಯದ ಎಷ್ಟೋ ಸಂಗತಿಗಳು ಗೆಳತಿಯರಿಗೆ ಗೊತ್ತಿರುತ್ತವೆ. ಆದುದರಿಂದ ಭಜನಾ ಮಂಡಳಿಯ ಸಂಗಾತಿಗಳನ್ನೂ ತವರಿನ ಹಿರಿಯರನ್ನೂ ಮೊದಲೇ ಕೇಳಿ ಬರೆದುಕೊಳ್ಳಬೇಕು, ಎಲ್ಲಕ್ಕಿಂತ ಮುಖ್ಯವಾದುದು ಇದೇ ಎಂದು ನಾನು ಭಾವಿಸುತ್ತೇನೆ. ಇಸವಿಗಳನ್ನು ಶಾಲಾ ದಾಖಲೆ, ಲಗ್ನಪತ್ರಿಕೆಗಳಲ್ಲಿ ಪರಿಶೀಲಿಸಿಕೊಳ್ಳಿ. ಓದಲು 5 ನಿಮಿಷ ಸಾಕು. ಓದುವವರ ಗಂಟಲು ಕಟ್ಟಿದರೆ ಮುಂದುವರಿಸಲು ಅನುಕೂಲವಾಗುವಂತೆ ಇನ್ನೊಂದು ಪ್ರತಿಯನ್ನು ಹತ್ತಿರದ ಬಂಧುವೊಬ್ಬರಿಗೆ ಕೊಟ್ಟಿರಿ.