ಅಪ್‌ಗ್ರೇಡ್ ಆದ ಮೇಲೆ ನಿಂತು ನಿಂತು ನಡೆದ ಕಂಪ್ಯೂಟರು

ತೀರ್ಥಹಳ್ಳಿಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆ, ಸಹಕಾರ ಸಂಘಗಳ ವಾರ್ಷಿಕ ವರದಿ, ಬಿಲ್ ಪುಸ್ತಕ, ಎಳ್ಳಮಾವಾಸ್ಯೆ ಜಾತ್ರೆಯ ಕರಪತ್ರ, ಇವೇ ಅಲ್ಲಿನ ಕೆಲಸ. 2014ರಲ್ಲಿ ಕೊಂಡ ನಾಲ್ಕನೇ ತಲೆಮಾರಿನ ಐ3 ಕಂಪ್ಯೂಟರು ಹನ್ನೊಂದು ವರ್ಷ ಇದನ್ನೆಲ್ಲ ನಿಭಾಯಿಸಿತು. ಆದರೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11ರ ಅರ್ಹತಾ ಪಟ್ಟಿಯಲ್ಲಿ ನನ್ನ ಪ್ರೊಸೆಸರ್ ಇರಲಿಲ್ಲ. ತುಳಸಿ ಪೂಜೆ ಕಳೆದರೆ ಮದುವೆಯ ಪತ್ರಿಕೆಗಳು ಒಂದರ ಹಿಂದೊಂದು ಬರತೊಡಗುತ್ತವೆ, ಅಷ್ಟರೊಳಗೆ ಹೊಸ ಯಂತ್ರ ಸಿದ್ಧವಾಗಿರಬೇಕೆಂದು ಶಿವಮೊಗ್ಗಕ್ಕೆ ಹೋಗಿ ಬೇಕಾದ ಭಾಗಗಳನ್ನು ತಂದೆ.

ತಂದದ್ದು ರೈಜೆನ್ 5 5600ಜಿ ಪ್ರೊಸೆಸರ್, ಬಿ450 ಚಿಪ್‌ಸೆಟ್ಟಿನ ಮದರ್‌ಬೋರ್ಡು, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ (ಕೇಬಲ್ಲಿಲ್ಲದೆ ಬೋರ್ಡಿಗೇ ಕೂರುವ ವೇಗದ ಡಿಸ್ಕ್) ಮತ್ತು ವಿದ್ಯುತ್ ಪೂರೈಸುವ ಒಂದು ಎಸ್‌ಎಂಪಿಎಸ್. ಹಳೆಯದರಲ್ಲಿ ಉಳಿಸಿಕೊಂಡದ್ದು ಕ್ಯಾಬಿನೆಟ್ ಮತ್ತು ಹನ್ನೊಂದು ವರ್ಷಗಳ ವಿನ್ಯಾಸಗಳೆಲ್ಲ ತುಂಬಿದ್ದ 1 ಟಿಬಿ ಹಾರ್ಡ್ ಡಿಸ್ಕ್. ಅಕ್ಕನ ಮಗನ ಜೊತೆ ಕೂತು ಒಂದೇ ಭಾನುವಾರ ಎಲ್ಲವನ್ನೂ ಜೋಡಿಸಿ, ಎಸ್‌ಎಸ್‌ಡಿಗೆ ವಿಂಡೋಸ್ 11 ಹಾಕಿ, ಹಳೆಯ ಡಿಸ್ಕನ್ನು ಡಿ ಡ್ರೈವ್ ಆಗಿ ಸೇರಿಸಿದೆವು. ಇಷ್ಟೊಂದು ಬದಲಾವಣೆಗಳನ್ನು ಒಂದೇ ದಿನ ಮಾಡಿದ್ದೇ ಮುಂದೆ ನನ್ನನ್ನು ಮೂರು ವಾರ ಅಲೆದಾಡಿಸಿತು.

ಮೊದಲ ಎರಡು ದಿನ ತೊಂದರೆಯೇನೂ ಕಾಣಲಿಲ್ಲ. ಮೂರನೆಯ ದಿನ ಕೋರೆಲ್‌ಡ್ರಾದಲ್ಲಿ ಒಂದು ದೊಡ್ಡ ಬ್ಯಾನರಿನ ಕಡತವನ್ನು ಹಿಗ್ಗಿಸಿ ನೋಡುವಾಗ ಪರದೆ ಎಳೆದೆಳೆದು ಚಲಿಸುತ್ತಿತ್ತು. ಅದೇ ಸಂಜೆ ಇಡೀ ಕಂಪ್ಯೂಟರೇ ಹ್ಯಾಂಗ್ ಆಯಿತು. ಮೌಸಿನ ಬಾಣ ಓಡಾಡುತ್ತಿತ್ತು, ಆದರೆ ಯಾವ ಕ್ಲಿಕ್ಕಿಗೂ ಉತ್ತರವಿಲ್ಲ. ಅರ್ಧ ನಿಮಿಷದ ಬಳಿಕ, ಆವರೆಗೆ ಒತ್ತಿದ ಕ್ಲಿಕ್ಕುಗಳೆಲ್ಲ ಒಟ್ಟಿಗೆ ಜಾರಿಯಾಗಿ ನಾಲ್ಕಾರು ವಿಂಡೋಗಳು ತೆರೆದುಕೊಂಡವು. ಮಗಳ ಮದುವೆಯ ಪತ್ರಿಕೆಯ ಪ್ರೂಫ್ ನೋಡಲು ಬಂದು ಕೂತಿದ್ದವರು, "ಎಂಥ ಮಾರಾಯ್ರೆ, ಹೊಸದು ತಂದ ಮೇಲೆ ಹಳೇದಕ್ಕಿಂತ ನಿಧಾನ ಆಯ್ತಲ್ಲ!" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮಾರಿದ ಅಂಗಡಿಗೆ ಫೋನ್ ಮಾಡಿದರೆ "ವಿಂಡೋಸ್ ಮತ್ತೊಮ್ಮೆ ಹಾಕಿ ನೋಡಿ ಸರ್" ಎಂಬ ಉತ್ತರ ಬಂತು. ಹಾಕಿದೆ. ಅರ್ಧ ದಿನ ಹೋಯಿತು, ತೊಂದರೆ ಹಾಗೆಯೇ ಉಳಿಯಿತು.

ಆಮೇಲೆ ಆರ್ಡರ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಲು ಶುರುಮಾಡಿದೆ: ಯಾವ ಹೊತ್ತಿಗೆ ನಿಂತಿತು, ಎಷ್ಟು ಸೆಕೆಂಡು ನಿಂತಿತ್ತು, ಆಗ ಯಾವ ತಂತ್ರಾಂಶ ತೆರೆದಿತ್ತು, ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿದಾಗ ಅದರ ದೀಪ ಹತ್ತಿ ಆರುತ್ತಿತ್ತೇ. ಈ ಕೊನೆಯದನ್ನು ನಾನು ಬಹಳ ನೆಚ್ಚಿಕೊಂಡಿದ್ದೇನೆ. ದೀಪ ಹತ್ತಿ ಆರುತ್ತಿದ್ದರೆ ವಿಂಡೋಸಿನ ಒಳಗಿನ ಜೀವ ಇನ್ನೂ ಹೋಗಿಲ್ಲ, ಅದು ಯಾವುದಕ್ಕೋ ಕಾಯುತ್ತಿದೆ ಎಂದು ತಿಳಿಯಬಹುದು. ದೀಪವೂ ನಿಂತಿದ್ದರೆ ಅನುಮಾನ ರ‍್ಯಾಮ್, ಪ್ರೊಸೆಸರ್, ವಿದ್ಯುತ್ತಿನ ಕಡೆಗೆ ತಿರುಗುತ್ತದೆ. ನನ್ನಲ್ಲಿ ಪ್ರತಿ ಸಲವೂ ದೀಪ ಹತ್ತುತ್ತಿತ್ತು. ನಾಲ್ಕು ದಿನದ ಬರಹವನ್ನು ಒಟ್ಟಿಗೆ ಓದಿದಾಗ ಇನ್ನೊಂದು ವಿಷಯವೂ ಹೊಳೆಯಿತು. ಕೋರೆಲ್‌ನಲ್ಲಿ ಪರದೆ ಎಳೆದಾಡುವುದು ಯಾವಾಗಲೂ ಇತ್ತು, ಹ್ಯಾಂಗ್ ಆಗುವುದು ಮಾತ್ರ ಆಗೊಮ್ಮೆ ಈಗೊಮ್ಮೆ. ನಾನು ಒಂದೇ ಕಾಯಿಲೆ ಎಂದುಕೊಂಡದ್ದು ಎರಡಾಗಿತ್ತು, ಆದ್ದರಿಂದಲೇ ಯಾವ ಒಂದು ಮದ್ದೂ ನಾಟುತ್ತಿರಲಿಲ್ಲ.

ನಿಧಾನದ ಕಾರಣ ಬೇಗ ಸಿಕ್ಕಿತು. ಸಿಪಿಯು-ಝೆಡ್ ಎಂಬ ಉಚಿತ ತಂತ್ರಾಂಶದ ಮೆಮೊರಿ ಪುಟದಲ್ಲಿ ನೋಡಿದರೆ ಒಂದೇ ಚಾನೆಲ್, ಅಂದರೆ ಪ್ರೊಸೆಸರಿಗೂ ರ‍್ಯಾಮಿಗೂ ನಡುವಿನ ಒಂದೇ ದಾರಿ, ಬಳಕೆಯಲ್ಲಿತ್ತು. ನಾಲ್ಕು ಸ್ಲಾಟುಗಳಿರುವ ಬೋರ್ಡಿನಲ್ಲಿ ನಾವು ಎರಡು ರ‍್ಯಾಮ್‌ಗಳನ್ನು ಪಕ್ಕಪಕ್ಕದ ಸ್ಲಾಟುಗಳಿಗೆ ಹಾಕಿದ್ದೆವು, ಅವೆರಡೂ ಒಂದೇ ಚಾನೆಲ್ಲಿಗೆ ಸೇರಿದವು. ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕೆಂದು ಬೋರ್ಡಿನ ಕೈಪಿಡಿಯಲ್ಲಿ ಚಿತ್ರಸಹಿತ ಬರೆದಿತ್ತು, ಓದಿರಲಿಲ್ಲ ಅಷ್ಟೆ. ಜೊತೆಗೆ 3200ರ ವೇಗದ ರ‍್ಯಾಮ್ 2400ರಲ್ಲಿ ಓಡುತ್ತಿತ್ತು, ಏಕೆಂದರೆ ಬಯಾಸ್‌ನಲ್ಲಿ (ವಿಂಡೋಸಿಗೂ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಎಕ್ಸ್‌ಎಂಪಿಯನ್ನು, ಅಂದರೆ ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಸೆಟಿಂಗನ್ನು, ನಾವಾಗಿಯೇ ಆನ್ ಮಾಡಬೇಕು. 5600ಜಿಯಲ್ಲಿ ಗ್ರಾಫಿಕ್ಸ್ ಪ್ರೊಸೆಸರಿನೊಳಗೇ ಇದ್ದು, ತನ್ನದೇ ಮೆಮೊರಿ ಇಲ್ಲದೆ ರ‍್ಯಾಮನ್ನೇ ಹಂಚಿಕೊಳ್ಳುವುದರಿಂದ, ರ‍್ಯಾಮಿನ ದಾರಿ ಕಿರಿದಾದರೆ ಪರದೆಯ ಮೇಲಿನ ಕೆಲಸವೇ ಮೊದಲು ಸೊರಗುತ್ತದೆ. ಎರಡನ್ನೂ ಸರಿಪಡಿಸಿದ ಮೇಲೆ ಅದೇ ಬ್ಯಾನರು ಸರಾಗವಾಗಿ ಹಿಗ್ಗಿ ಕುಗ್ಗಿತು. ಸಿಪಿಯು-ಝೆಡ್ ವೇಗವನ್ನು 1600 ಎಂದು ತೋರಿಸಿದರೆ ಗಾಬರಿಯಾಗಬೇಕಿಲ್ಲ, ಡಿಡಿಆರ್‌ನಲ್ಲಿ ಅದರ ಎರಡರಷ್ಟೇ ನಿಜವಾದ ಲೆಕ್ಕ.

ಹ್ಯಾಂಗ್ ಆಗುವುದು ಮಾತ್ರ ನಿಲ್ಲಲಿಲ್ಲ. ರ‍್ಯಾಮನ್ನು ಮುಟ್ಟಿದ್ದೇನೆಂದು ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್ ಡ್ರೈವಿನಿಂದ ರಾತ್ರಿಯಿಡೀ ಓಡಿಸಿದೆ, ಬೆಳಿಗ್ಗೆ ನೋಡಿದರೆ ನಾಲ್ಕು ಸುತ್ತು ಮುಗಿದು ತಪ್ಪು ಸೊನ್ನೆ ಎಂದಿತ್ತು. ಬಿಸಿಯನ್ನೂ ನೋಡಿದೆ, ಈ ಪ್ರೊಸೆಸರಿನ ಮಿತಿ 95 ಡಿಗ್ರಿ, ಎಷ್ಟು ದುಡಿಸಿದರೂ ಅದು 75 ದಾಟಲಿಲ್ಲ.

ಮುಂದಿನ ಅನುಮಾನ ಬಯಾಸ್ ಮೇಲೆ. ರೈಜೆನ್ ಯಂತ್ರಗಳಲ್ಲಿ ಎಫ್‌ಟಿಪಿಎಂ (ಬೀಗದ ಕೀಗಳನ್ನು ಕಾಪಾಡುವ ಭದ್ರತಾ ವ್ಯವಸ್ಥೆ) ಆನ್ ಇದ್ದಾಗ ಕಂಪ್ಯೂಟರು ಆಗಾಗ ಕ್ಷಣಕಾಲ ತಡವರಿಸಬಹುದೆಂದು ರೈಜೆನ್ ತಯಾರಿಸುವ ಎಎಂಡಿಯೇ 2022ರ ಮಾರ್ಚಿನಲ್ಲಿ ಒಪ್ಪಿಕೊಂಡು, ಬಯಾಸ್ ಅಪ್‌ಡೇಟಿನ ಮೂಲಕ ಅದನ್ನು ಸರಿಪಡಿಸಿತ್ತು. ನನ್ನ ಬೋರ್ಡಿನ ಬಯಾಸ್ 2021ರದು. ಸರಿ, ಇದೇ ಇರಬೇಕೆಂದುಕೊಂಡೆ. ಆದರೆ ನಮ್ಮೂರಿನಲ್ಲಿ ಬಯಾಸ್ ಅಪ್‌ಡೇಟ್ ಎಂದರೆ ಎದೆ ಹೊಡೆದುಕೊಳ್ಳುವ ಕೆಲಸ, ನಡುವೆ ಕರೆಂಟು ಹೋದರೆ ಬೋರ್ಡೇ ಸತ್ತುಹೋಗಬಹುದು. ಯುಪಿಎಸ್ ಪೂರ್ತಿ ಚಾರ್ಜಾಗಿದೆಯೆಂದು ಖಚಿತಪಡಿಸಿಕೊಂಡು, ವಿಂಡೋಸಿನ ಡಿವೈಸ್ ಎನ್‌ಕ್ರಿಪ್ಷನ್ನಿನ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಮಾಡಿದೆ. ಈ ಕೀ ಇಲ್ಲದೆ ಮುಂದುವರಿಯಬಾರದು, ಬಯಾಸ್ ಬದಲಾದಾಗ ಎಫ್‌ಟಿಪಿಎಂ ಖಾಲಿಯಾಗಿ ಡಿಸ್ಕು ಬೀಗ ಹಾಕಿಕೊಂಡು ಕೂರಬಹುದು. ಅಪ್‌ಡೇಟ್ ಆದ ಬಳಿಕ ಎಕ್ಸ್‌ಎಂಪಿ ಮತ್ತೆ ಆಫ್ ಆಗಿತ್ತು, ಮತ್ತೆ ಆನ್ ಮಾಡಿದೆ. ಮರುದಿನ ಮಧ್ಯಾಹ್ನ ಅದೇ ಅರ್ಧ ನಿಮಿಷದ ಹ್ಯಾಂಗು. ಕ್ಷಣಕಾಲದ ತಡವರಿಕೆಗೂ ಅರ್ಧ ನಿಮಿಷಕ್ಕೂ ಇರುವ ಅಂತರವನ್ನು ನನ್ನ ಪುಸ್ತಕವೇ ಹೇಳುತ್ತಿತ್ತು, ಆದರೂ ನಾನು ಆಸೆಗೆ ಬಿದ್ದಿದ್ದೆ.

ವಿಂಡೋಸ್ ತನ್ನ ಆಗುಹೋಗುಗಳನ್ನು ದಾಖಲಿಸಿ ತೋರಿಸುವ ಇವೆಂಟ್ ವ್ಯೂವರನ್ನು ನಾನು ಅಷ್ಟರಲ್ಲಾಗಲೇ ಒಮ್ಮೆ ತೆರೆದು ದಾರಿ ತಪ್ಪಿದ್ದೆ. ಅದರಲ್ಲಿ ಕರ್ನಲ್-ಪವರ್ 41 ಎಂಬ ಕೆಂಪು ಗುರುತುಗಳು ಎದ್ದು ಕಾಣುತ್ತಿದ್ದವು. ಪವರ್ ಎಂಬ ಹೆಸರು ನೋಡಿ ಎಸ್‌ಎಂಪಿಎಸ್ ಸರಿಯಿಲ್ಲವೆಂದೇ ತೀರ್ಮಾನಿಸಿ, ಬದಲಾಯಿಸಿಕೊಡಿ ಎಂದು ಕೇಳಲು ಶಿವಮೊಗ್ಗದ ಬಸ್ಸು ಹತ್ತುವವನಿದ್ದೆ. ಪುಸ್ತಕದ ಹೊತ್ತುಗಳೊಂದಿಗೆ ಹೋಲಿಸಿದಾಗ ನಿಜ ತಿಳಿಯಿತು: 41 ದಾಖಲಾದದ್ದೆಲ್ಲ, ತಾಳ್ಮೆ ಕೆಟ್ಟು ನಾನೇ ಪವರ್ ಬಟನ್ ಒತ್ತಿ ಹಿಡಿದು ಆರಿಸಿದ ಸಂದರ್ಭಗಳು. ಕಂಪ್ಯೂಟರು ಸರಿಯಾದ ಕ್ರಮದಲ್ಲಿ ಮುಚ್ಚದೆ ಆರಿಹೋಯಿತು ಎಂದಷ್ಟೇ ಆ ದಾಖಲೆ ಹೇಳುತ್ತದೆ. ಏಕೆ ಆರಿತು ಎಂಬುದು ಅದಕ್ಕೂ ಗೊತ್ತಿಲ್ಲ.

ಆದ್ದರಿಂದ ಒಂದು ದಿನ ಬಟನ್ನನ್ನು ಮುಟ್ಟುವುದಿಲ್ಲವೆಂದು ಹಠ ಹಿಡಿದು, ಪ್ರತಿ ಹ್ಯಾಂಗೂ ತಾನಾಗಿ ಬಿಡುವವರೆಗೆ ಕಾದೆ. ಸಂಜೆ ಇವೆಂಟ್ ವ್ಯೂವರಿನ ಸಿಸ್ಟಮ್ ವಿಭಾಗದಲ್ಲಿ ಆ ಹೊತ್ತುಗಳನ್ನೇ ಹುಡುಕಿದೆ. ಮೂರು ಹ್ಯಾಂಗುಗಳಿಗೆ ಮೂರು ದಾಖಲೆಗಳು, ಮೂರೂ ಹಳದಿ ಎಚ್ಚರಿಕೆಗಳು, ಸಂಖ್ಯೆ 129, ಮೂಲ ಸ್ಟೋರ್‌ಎಎಚ್‌ಸಿಐ, ಅಂದರೆ ಸಾಟಾ ಕೇಬಲ್ಲಿನ ಡಿಸ್ಕುಗಳನ್ನು ನೋಡಿಕೊಳ್ಳುವ ಡ್ರೈವರ್. ಕೆಂಪಿನ ಮೇಲಷ್ಟೇ ಕಣ್ಣಿಟ್ಟಿದ್ದರಿಂದ ಹಿಂದೆ ಇವನ್ನು ದಾಟಿ ಹೋಗಿದ್ದೆ. ಡಿಸ್ಕಿಗೆ ಕಳಿಸಿದ ಕೋರಿಕೆಗೆ ಕಾದು ಕಾದು ಉತ್ತರ ಬಾರದೆ, ವಿಂಡೋಸ್ ಆ ಡಿಸ್ಕನ್ನು ರೀಸೆಟ್ ಮಾಡಿದೆ ಎಂಬುದು ಅದರ ಅರ್ಥ. ಎನ್‌ವಿಎಂಇ ಆಗಿದ್ದರೆ ಮೂಲ ಸ್ಟೋರ್‌ಎನ್‌ವಿಎಂಇ ಎಂದಿರುತ್ತಿತ್ತು. ಅಂದರೆ ತಪ್ಪು ಹೊಸ ಎಸ್‌ಎಸ್‌ಡಿಯದಲ್ಲ, ಸಾಟಾ ಕೇಬಲ್ಲಿನಲ್ಲಿ ನೇತಾಡುತ್ತಿದ್ದ ಹಳೆಯ ಹಾರ್ಡ್ ಡಿಸ್ಕಿನದು. ಮುಂದಿನ ಹ್ಯಾಂಗಿನ ಹೊತ್ತಿಗೆ ಟಾಸ್ಕ್ ಮ್ಯಾನೇಜರನ್ನು ತೆರೆದಿಟ್ಟುಕೊಂಡಿದ್ದೆ. ಡಿ ಡ್ರೈವಿನ ಚಟುವಟಿಕೆ ಶೇಕಡಾ 100, ಓದುವ ಬರೆಯುವ ವೇಗ ಮಾತ್ರ ಸೊನ್ನೆ.

ಡಿಸ್ಕಿಗೆ ವಯಸ್ಸಾಗಿದೆ, ಸಾಯುತ್ತಿದೆ ಎಂದುಕೊಂಡು ಮೊದಲು ಅದರಲ್ಲಿದ್ದದ್ದನ್ನೆಲ್ಲ ಹೊರಗಿನ ಡ್ರೈವಿಗೆ ನಕಲು ಮಾಡಿದೆ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ಅಂಕಿಗಳನ್ನು ನೋಡಿದರೆ, ಕೆಟ್ಟ ಸೆಕ್ಟರುಗಳನ್ನು ಸೂಚಿಸುವ 05 ಮತ್ತು ಸಿ5 ಎರಡೂ ಸೊನ್ನೆ. ಸಿ7 ಮಾತ್ರ 412. ಈ ತಂತ್ರಾಂಶ ಮೂಲ ಅಂಕಿಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, ಸೆಟಿಂಗಿನಲ್ಲಿ ಹತ್ತರ ಲೆಕ್ಕಕ್ಕೆ ಬದಲಾಯಿಸಿಕೊಳ್ಳದಿದ್ದರೆ ನನ್ನ ಹಾಗೆ ಅರ್ಧ ಗಂಟೆ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಸಿ7 ಎಂದರೆ ಡಿಸ್ಕಿಗೂ ಬೋರ್ಡಿಗೂ ನಡುವಿನ ಸಾಗಾಟದಲ್ಲಿ ದತ್ತಾಂಶ ಕೆಟ್ಟುಹೋದ ಸಲಗಳ ಎಣಿಕೆ. ಡಿಸ್ಕಿನೊಳಗಿನ ತಟ್ಟೆಗಳು ಚೆನ್ನಾಗಿದ್ದು ದಾರಿ ಕೆಟ್ಟಿದ್ದರೆ ಏರುವುದು ಇದೇ. ಮರುದಿನ ಸಂಜೆಗೆ ಅದು 437 ಆಗಿತ್ತು.

ಪಕ್ಕದ ಬಾಗಿಲು ತೆಗೆದು, ದೊಡ್ಡದೊಂದು ಕಡತವನ್ನು ನಕಲಿಗೆ ಹಾಕಿ, ಕೇಬಲ್ಲಿನ ತುದಿಯನ್ನು ಪೆನ್ಸಿಲ್ಲಿನಿಂದ ಮೆಲ್ಲಗೆ ದೂಡಿದೆ. ನಕಲು ನಿಂತೇಹೋಯಿತು. ಬಿಟ್ಟಾಗ ಸ್ವಲ್ಪ ಹೊತ್ತಿಗೆ ಮುಂದುವರಿಯಿತು. ಹನ್ನೊಂದು ಮಳೆಗಾಲ ಕಂಡ ಆ ಕೇಬಲ್ಲಿಗೆ ಲೋಹದ ಕ್ಲಿಪ್ ಇರಲಿಲ್ಲ. ಹೊಸ ಬೋರ್ಡಿನ ಸಾಟಾ ಪೋರ್ಟುಗಳು ಇನ್ನೊಂದು ಮೂಲೆಯಲ್ಲಿದ್ದುದರಿಂದ ಅದನ್ನು ಎಳೆದು ಮಡಚಿ ಸಿಕ್ಕಿಸಿದ್ದೆವು. ಆಗುಂಬೆಯ ಘಾಟಿ ಹತ್ತಿರವೇ ಇರುವ ನಮ್ಮ ಊರಿನಲ್ಲಿ ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಕೇಬಲ್ಲಿನ ತುದಿಯ ಲೋಹವೂ ಮಂಕಾಗಿತ್ತು. ಬೋರ್ಡಿನ ಪೆಟ್ಟಿಗೆಯಲ್ಲೇ ಕ್ಲಿಪ್ ಇರುವ ಎರಡು ಹೊಸ ಕೇಬಲ್ಲುಗಳು ಬಂದಿದ್ದವು. ಹಳೆಯದು ಇದೆಯಲ್ಲ ಎಂದು ನಾನೇ ಅವನ್ನು ಬಿಚ್ಚದೆ ಒಳಗಿಟ್ಟಿದ್ದೆ.

ಬರಿಯ ಕಡತಗಳಿರುವ ಡಿಸ್ಕು ನಿಂತರೆ ಇಡೀ ಯಂತ್ರ ಏಕೆ ನಿಲ್ಲಬೇಕು ಎಂಬ ಪ್ರಶ್ನೆಗೂ ಉತ್ತರ ನನ್ನ ಬುದ್ಧಿವಂತಿಕೆಯಲ್ಲೇ ಇತ್ತು. ಎಸ್‌ಎಸ್‌ಡಿ ಸವೆಯದಿರಲೆಂದು ವಿಂಡೋಸಿನ ಪೇಜ್ ಫೈಲನ್ನೂ ಫೋಟೋಶಾಪಿನ ಸ್ಕ್ರ್ಯಾಚ್ ಡಿಸ್ಕನ್ನೂ (ಅದರ ತಾತ್ಕಾಲಿಕ ಕಡತಗಳ ಜಾಗ) ಡಿ ಡ್ರೈವಿಗೆ ಸಾಗಿಸಿದ್ದೆ. ರ‍್ಯಾಮಿನಲ್ಲಿ ಹಿಡಿಸದ್ದನ್ನು ವಿಂಡೋಸ್ ಪೇಜ್ ಫೈಲಿಗೆ ಬರೆಯುವುದರಿಂದ, ಆ ಡಿಸ್ಕು ಉತ್ತರಿಸದಿದ್ದರೆ ಎಲ್ಲವೂ ಸಾಲಿನಲ್ಲಿ ನಿಂತು ಕಾಯಬೇಕಾಗುತ್ತದೆ. ಸವೆತದ ಭಯವಾದರೂ ಎಂಥದು? ನನ್ನ ಎಸ್‌ಎಸ್‌ಡಿಯ ವಾರಂಟಿಯಲ್ಲಿ 300 ಟಿಬಿ ಬರೆಯುವವರೆಗೆ ಎಂದಿದೆ. ದಿನಕ್ಕೆ 30 ಜಿಬಿ ಬರೆದರೂ ಅದು ಮುಗಿಯಲು 27 ವರ್ಷ ಬೇಕು, ಅಷ್ಟು ದಿನ ನಾನೇ ಅಂಗಡಿ ತೆರೆಯುವುದು ಅನುಮಾನ.

ಕೇಬಲ್ ಬದಲಾಯಿಸಿದೆ. ಎರಡು ದಿನ ಬೇರೇನನ್ನೂ ಮುಟ್ಟದೆ ಕಾದೆ, 129 ಮತ್ತೆ ಬರಲಿಲ್ಲ. ಆಮೇಲಷ್ಟೇ ಪೇಜ್ ಫೈಲನ್ನೂ ಸ್ಕ್ರ್ಯಾಚ್ ಡಿಸ್ಕನ್ನೂ ಎಸ್‌ಎಸ್‌ಡಿಗೆ ಮರಳಿಸಿದೆ. ಕೊನೆಗೆ ಉಳಿದದ್ದು ಊಟ ಮುಗಿಸಿ ಬಂದು ಕೂತಾಗ ಆಗುತ್ತಿದ್ದ ಏಳೆಂಟು ಸೆಕೆಂಡಿನ ನಿಲುಗಡೆ. ಅದು 20 ನಿಮಿಷ ಕೆಲಸವಿಲ್ಲದಿದ್ದರೆ ಹಾರ್ಡ್ ಡಿಸ್ಕನ್ನು ನಿಲ್ಲಿಸುವ ಪವರ್ ಸೆಟಿಂಗಿನದು, ತಟ್ಟೆ ಮತ್ತೆ ತಿರುಗಿ ವೇಗ ಹಿಡಿಯುವವರೆಗೆ ಕಾಯಬೇಕು. ಆ ಅವಧಿಯನ್ನು ಸೊನ್ನೆ ಮಾಡಿದೆ.

ಸಿ7ರ ಎಣಿಕೆ ಒಮ್ಮೆ ಏರಿದರೆ ಇಳಿಯುವುದಿಲ್ಲ, ಏರದೆ ನಿಂತಿದೆಯೇ ಎಂದಷ್ಟೇ ನೋಡಬೇಕು. ಪ್ರತಿ ಸೋಮವಾರ ಅಂಗಡಿ ತೆರೆದ ಕೂಡಲೇ ಅದನ್ನು ಆರ್ಡರ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಳ್ಳುತ್ತೇನೆ. ಕೇಬಲ್ ಬದಲಾಯಿಸಿದ ದಿನ 451 ಇತ್ತು, ಈ ಸೋಮವಾರವೂ 451.