ಸೈನ್ ಬೋರ್ಡ್ ಅಂಗಡಿಗೆ ಪ್ರಿಂಟರ್ ಬೇಕಾ? ಮೊದಲು ಮೆಟೀರಿಯಲ್ ನೋಡಿ

ಬೋರ್ಡ್ ಅಂಗಡಿ ಶುರು ಮಾಡುವವರು ಮೊದಲು ಕೇಳುವುದೇ "ಯಾವ ಪ್ರಿಂಟರ್ ತಗೊಳ್ಳಲಿ" ಅಂತ. ಅದು ಕೊನೆಗೆ ಕೇಳಬೇಕಾದ್ದು. ಬೋರ್ಡ್ ಬಿಸಿಲಲ್ಲಿ ಇರುತ್ತದಾ ಒಳಗೆ ಇರುತ್ತದಾ, ಎಷ್ಟು ವರ್ಷ ಬಾಳಬೇಕು, ಯಾವುದರ ಮೇಲೆ ಅಂಟಬೇಕು, ಇಷ್ಟು ಗೊತ್ತಾದರೆ ಮೆಟೀರಿಯಲ್ ತಾನಾಗಿಯೇ ತೀರ್ಮಾನವಾಗುತ್ತದೆ. ಅದಕ್ಕೆ ಹೊಂದುವ ಇಂಕ್ ಯಾವುದು, ಆ ಇಂಕ್ ಹಾಕುವ ಮೆಷಿನ್ ಯಾವುದು ಅನ್ನೋದು ಆಮೇಲಿನ ಮಾತು. ಬರೀ ಒಂದೇ ಬಣ್ಣದ ಅಕ್ಷರ ಕತ್ತರಿಸಿ ಅಂಟಿಸುವ ಕೆಲಸವಾದರೆ ಪ್ರಿಂಟರೇ ಬೇಡ, ಕಟಿಂಗ್ ಪ್ಲಾಟರ್ ಸಾಕು.

ವಿನೈಲ್ (ಹಿಂದೆ ಅಂಟಿರುವ ಪ್ಲಾಸ್ಟಿಕ್ ಹಾಳೆ) ರೋಲ್‌ಗಳು ನೋಡಲು ಎಲ್ಲಾ ಒಂದೇ ಥರ, ಮೋಸ ಹೋಗುವುದೂ ಅಲ್ಲೇ. ಮೊನೊಮೆರಿಕ್ ಅನ್ನೋ ಥರದ್ದು ಅಗ್ಗ, ಆದರೆ ಬಿಸಿ ರೋಲರ್‌ಗಳ ನಡುವೆ ಎಳೆದು ಮಾಡಿದ್ದರಿಂದ ಬಿಸಿಲು ಬಿದ್ದಾಗ ಕುಗ್ಗುತ್ತದೆ. ಹಳೇ ಸ್ಟಿಕರ್‌ನ ಅಂಚು ಹತ್ತಿರದಿಂದ ನೋಡಿ, ಸುತ್ತಲೂ ಕಪ್ಪು ಗೆರೆ ಕಾಣಿಸುತ್ತದೆ ಅಲ್ವಾ? ವಿನೈಲ್ ಒಳಗೆ ಸರಿದು, ಹೊರಗುಳಿದ ಅಂಟಿಗೆ ಧೂಳು ಮೆತ್ತಿಕೊಂಡಿರುತ್ತದೆ. ಕೆಲವೇ ತಿಂಗಳ ಜಾಹೀರಾತಿಗೆ ಇದು ನಡೆಯುತ್ತದೆ. ವರ್ಷಗಟ್ಟಲೆ ಇರಬೇಕಾದ ಸಪಾಟು ಬೋರ್ಡಿಗೆ ಅದಕ್ಕಿಂತ ಕಡಿಮೆ ಕುಗ್ಗುವ ಪಾಲಿಮೆರಿಕ್ ವಿನೈಲ್ ಹಾಕಿ. ಗಾಡಿಯ ಉಬ್ಬು ತಗ್ಗಿಗೆ ಮಾತ್ರ ಕಾಸ್ಟ್ ವಿನೈಲ್ ಬೇಕು. ಅದನ್ನು ದ್ರವವಾಗಿ ಹರಡಿ ಒಣಗಿಸುತ್ತಾರೆ, ಸುಮಾರು 50 ಮೈಕ್ರಾನ್ ದಪ್ಪ, ಹಿಂದಕ್ಕೆ ಎಳೆದುಕೊಳ್ಳುವುದು ತುಂಬಾ ಕಡಿಮೆ. ಪ್ರಿಂಟ್ ಮೇಲೆ ಹಾಕುವ ಪಾರದರ್ಶಕ ಪದರ, ಅಂದರೆ ಲ್ಯಾಮಿನೇಷನ್ ಕೂಡ ಅದೇ ಜಾತಿಯದಾಗಿರಲಿ, ಕಾಸ್ಟ್ ಮೇಲೆ ಅಗ್ಗದ ಲ್ಯಾಮಿನೇಷನ್ ಹಾಕಿದರೆ ಕೊಟ್ಟ ದುಡ್ಡೆಲ್ಲಾ ದಂಡ.

ಇಂಕ್ ವಿಷಯಕ್ಕೆ ಬಂದರೆ, ವಿನೈಲ್ ಮತ್ತು ಫ್ಲೆಕ್ಸ್ ಎರಡೂ ಮಾಡುವ ಸಣ್ಣ ಅಂಗಡಿಗೆ ಇಕೋ ಸಾಲ್ವೆಂಟ್ (ಕಡಿಮೆ ವಾಸನೆಯ ದ್ರಾವಕದಲ್ಲಿ ಬಣ್ಣ ಕಲಸಿದ ಇಂಕ್) ಸರಿ ಅಂತ ನನ್ನ ಅಭಿಪ್ರಾಯ. ಒಂದೇ ತೊಂದರೆ, ಪ್ರಿಂಟ್ ಆದಮೇಲೆ ಕಡಿಮೆ ಅಂದರೂ 24 ಗಂಟೆ ಗಾಳಿಗೆ ಬಿಡಬೇಕು. ಅದೂ ಬಿಗಿಯಾಗಿ ಸುತ್ತಿಟ್ಟರೆ ಸಾಲ್ವೆಂಟ್ ಒಳಗೇ ಉಳಿದು ಅಂಟು ಮೆತ್ತಗಾಗುತ್ತದೆ, ಅಂಚು ಸುರುಳಿಯಾಗುತ್ತದೆ. ಸಡಿಲವಾಗಿ ಸುತ್ತಿ ನಿಲ್ಲಿಸಿ. ಅರ್ಜೆಂಟ್ ಕೆಲಸವೇ ಜಾಸ್ತಿ ಇದ್ದರೆ ಲೇಟೆಕ್ಸ್ (ಮೆಷಿನ್ ಒಳಗೇ ಬಿಸಿಯಿಂದ ಒಣಗಿಸುವ, ನೀರು ಆಧಾರಿತ ಇಂಕ್) ನೋಡಿ, ಒಣಗಿಯೇ ಹೊರಗೆ ಬರುತ್ತದೆ, ಆದರೆ ಆ ಬಿಸಿಗೆ ಕರೆಂಟ್ ಜಾಸ್ತಿ ಎಳೆಯುತ್ತದೆ. ಅಕ್ರಿಲಿಕ್, ಫೋಮ್ ಬೋರ್ಡ್ ಮೇಲೆ ನೇರವಾಗಿ ಪ್ರಿಂಟ್ ಮಾಡಬೇಕಿದ್ದರೆ ಯುವಿ ಫ್ಲಾಟ್‌ಬೆಡ್, ಅಂದರೆ ಬೋರ್ಡನ್ನು ಸಪಾಟು ಮೇಜಿನ ಮೇಲಿಟ್ಟು ಪ್ರಿಂಟ್ ಮಾಡಿ, ಯುವಿ ಬೆಳಕಿನಿಂದ ಇಂಕ್ ಗಟ್ಟಿ ಮಾಡುವ ಮೆಷಿನ್. ಯುವಿ ಇಂಕ್ ಮೇಲೆ ಪದರವಾಗಿ ಕೂರುವುದರಿಂದ, ಗಟ್ಟಿ ಇಂಕಾದರೆ ತಿರುವುಗಳಲ್ಲಿ ಬಿರುಕು ಬಿಡುತ್ತದೆ.

ಈಗ ಮೆಷಿನ್. 54 ಅಥವಾ 64 ಇಂಚು ಅಗಲದ್ದು ಸಾಕು, ಹತ್ತು ಅಡಿ ಫ್ಲೆಕ್ಸ್ ಅಪರೂಪಕ್ಕೆ ಬಂದರೆ ಹೊರಗೆ ಕೊಟ್ಟು ಮಾಡಿಸಿ. ಬ್ರೋಷರ್‌ನಲ್ಲಿ ಬರೆದ ಸ್ಪೀಡ್ ಸಾಮಾನ್ಯವಾಗಿ ಕಡಿಮೆ ಗುಣಮಟ್ಟದ ಡ್ರಾಫ್ಟ್ ಮೋಡ್‌ನದು, ನೀವು ಬಳಸುವ ಪಾಸ್‌ನಲ್ಲಿ (ಇಂಕ್ ಚಿಮ್ಮುವ ಹೆಡ್ ಒಂದೇ ಜಾಗದ ಮೇಲೆ ಎಷ್ಟು ಸಲ ಓಡುತ್ತದೆ ಅನ್ನೋ ಲೆಕ್ಕ) ಎಷ್ಟು ಅಂತ ಕೇಳಿ. ಡೆಮೋಗೆ ಹೋಗುವಾಗ ನಿಮ್ಮದೇ ವಿನೈಲ್, ನಿಮ್ಮದೇ ಫೈಲ್ ತಗೊಂಡು ಹೋಗಿ. ಅದರಲ್ಲಿ ಒಂದು ದೊಡ್ಡ ಬೂದು ಬಣ್ಣದ ಚೌಕ ಇರಲೇಬೇಕು, ಅವರ ಹೂವಿನ ಫೋಟೋದಲ್ಲಿ ಮುಚ್ಚಿಹೋಗುವ ಅಡ್ಡ ಗೆರೆಗಳು ಬೂದು ಬಣ್ಣದಲ್ಲಿ ಎದ್ದು ಕಾಣುತ್ತವೆ.

ಹೆಡ್ ಬೆಲೆ ಎಷ್ಟು, ಕೆಟ್ಟರೆ ಎಷ್ಟು ದಿನದಲ್ಲಿ ರಿಪೇರಿಗೆ ಬರುತ್ತಾರೆ ಅನ್ನೋದನ್ನು ಬರೆಸಿಕೊಳ್ಳಿ. ಬಿಳಿ ಇಂಕ್ ಕೆಲಸ ದಿನಾ ಇಲ್ಲದಿದ್ದರೆ ಸುಮ್ನೆ ಹಾಕಿಸಬೇಡಿ, ಅದರ ಬಣ್ಣದ ಪುಡಿ ತಳಕ್ಕಿಳಿದು ನಾಜಲ್ (ಹೆಡ್‌ನಲ್ಲಿ ಇಂಕ್ ಹೊರಬರುವ ಸಣ್ಣ ತೂತು) ಕಟ್ಟಿಕೊಳ್ಳುತ್ತದೆ.