ಮುಕ್ಕಾಲು ಇಂಚು ಹೊರಗೆ ಬರದ ಹಾಗೆ: ಪ್ಲೈವುಡ್‌ನಲ್ಲಿ ದುಂಡು ಮೂಲೆ ಮಾಡುವುದು ಹೇಗೆ?

ಹೋದ ವರ್ಷ ಕಲಬುರಗಿಯ ಒಂದು ಬಟ್ಟೆ ಅಂಗಡಿಯಲ್ಲಿ ಹೊಸ ಕೌಂಟರ್ ಕೂರಿಸುತ್ತಿದ್ದರು. ಮೂಲೆ ದುಂಡಗೆ ಇರಬೇಕು ಅನ್ನುವುದು ಮಾಲೀಕರ ಆಸೆ. ಕೆಲಸದ ಹುಡುಗ ನಾಲ್ಕು ದಿನ ಕಷ್ಟಪಟ್ಟು ಗೋಲಾಯಿ (ದುಂಡು ಬಾಗು) ಮಾಡಿ ತಂದಿದ್ದ. ಚೆಂದ ಬಗ್ಗಿತ್ತು. ಆದರೆ ನೇರ ಹಲಗೆಯ ಪಕ್ಕ ಇಟ್ಟಾಗ ಮುಕ್ಕಾಲು ಇಂಚು ಹೊರಗೆ ನಿಂತಿತು. "ಹಿಂಗ್ಯಾಕಾತ್ರೀ ಅಣ್ಣಾ?" ಅಂದ. ರಂದಾ ಹೊಡೆದು ಸರಿ ಮಾಡಲು ಹೋದ. ಮೇಲಿನ ಪದರ ಹರಿದು ಒಳಗಿನ ಅಂಟು ಕಾಣಿಸಿತು. ಆ ತುಂಡೂ ಹೋಯಿತು, ಅದಕ್ಕೆ ಬಳಸಿದ ಪೂರ್ತಿ ಶೀಟೂ ಹೋಯಿತು.

ಮುಕ್ಕಾಲು ಇಂಚು ಅಂದರೆ ಹೆಚ್ಚುಕಡಿಮೆ 18 ಮಿ.ಮೀ. ಅವನು ಅಂಟಿಸಿದ್ದ ಮೂರು ಪದರಗಳ ದಪ್ಪವೂ ಅಷ್ಟೇ. ಫರ್ಮಾ (ಪದರಗಳನ್ನು ಬಗ್ಗಿಸಿ ಕೂರಿಸುವ ಚೌಕಟ್ಟು) ಮಾಡುವಾಗ ಆ ದಪ್ಪವನ್ನು ಕಳೆದಿರಲಿಲ್ಲ. ಒಳ್ಳೆಯ ಕೈ ಇರುವ ಹುಡುಗರೂ ಇಲ್ಲೇ ಎಡವುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅದಕ್ಕೇ ಈ ಲೇಖನ. ಒಂದು ಅಡಿ ಗೋಲಾಯಿಯ, ಮೂರು ಅಡಿ ಎತ್ತರದ ಕೌಂಟರ್ ಮೂಲೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಒಂದು ಅಡಿ ಅಂದಿದ್ದು ವೃತ್ತದ ನಡುವಿನಿಂದ ಹೊರಮೈವರೆಗಿನ ದೂರ.

ಶೀಟು ಆರಿಸುವುದು

ಕೌಂಟರ್‌ನ ನೇರ ಭಾಗಕ್ಕೆ 18 ಮಿ.ಮೀ. ಪ್ಲೈವುಡ್ ಬೇಕು. ಶೀಟಿನ ಮೇಲೆ ಐಎಸ್ಐ ಮುದ್ರೆ ನೋಡಿ, ಅದರ ಪಕ್ಕದ ನಂಬರೂ ನೋಡಿ. ಐಎಸ್ 303 ಅಂದರೆ ಸಾಮಾನ್ಯ ಬಳಕೆಯ ಪ್ಲೈ. ಅದರಲ್ಲಿ ಎಂಆರ್ ಅಂತ ಇದ್ದರೆ ಗಾಳಿಯ ತೇವ ತಡೆಯುತ್ತದೆ, ನೀರು ತಡೆಯುವುದಿಲ್ಲ. ಐಎಸ್ 710 ಅಂದರೆ ಮರೀನ್ ಪ್ಲೈ. ಅದರ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷೆ ಮಾಡುತ್ತಾರೆ. ಬಟ್ಟೆ ಅಂಗಡಿಗೆ 303 ಸಾಕು. ಹೋಟೆಲ್ ಕೌಂಟರ್ ಅಥವಾ ಅಡುಗೆಮನೆ ಆದರೆ 710 ತಗೊಳ್ಳಿ, ಚೌಕಾಸಿ ಮಾಡಬೇಡಿ. ಮುದ್ರೆಯೇ ಇಲ್ಲದ ಅಗ್ಗದ ಶೀಟು ಬೇಡವೇ ಬೇಡ. ಕೊಯ್ದಾಗ ಒಳಗೆ ಬೆರಳು ತೂರುವಷ್ಟು ಪೊಳ್ಳು ಸಿಗುತ್ತದೆ. ಅಲ್ಲಿ ಸ್ಕ್ರೂ ಹಿಡಿಯುವುದಿಲ್ಲ.

ಗೋಲಾಯಿಗೆ 6 ಮಿ.ಮೀ. ಫ್ಲೆಕ್ಸಿ ಪ್ಲೈ, ಅಂದರೆ ಸುಲಭವಾಗಿ ಬಗ್ಗುವ ಪ್ಲೈ ತಗೊಳ್ಳಿ. ಸಾದಾ 6 ಮಿ.ಮೀ. ಪ್ಲೈ ಸುಲಭದ ದಿಕ್ಕಿನಲ್ಲಿ ಬಗ್ಗಿಸಿದರೂ ಎರಡು ಅಡಿ ಗೋಲಾಯಿಗಿಂತ ಬಿಗಿಯಾದರೆ ಸಿಡಿಯುವ ಭಯ ಇರುತ್ತದೆ. ಫ್ಲೆಕ್ಸಿಯಲ್ಲಿ ಎರಡು ಜಾತಿ. ಒಂದರಲ್ಲಿ ಎಂಟು ಅಡಿಯ ಬದಿ ಸುತ್ತಿಕೊಂಡು ಶೀಟು ಗಿಡ್ಡ ಡ್ರಮ್ಮಿನ ಹಾಗಾಗುತ್ತದೆ. ಇನ್ನೊಂದರಲ್ಲಿ ನಾಲ್ಕು ಅಡಿಯ ಬದಿ ಸುತ್ತಿಕೊಂಡು ಎತ್ತರದ ಕಂಬದ ಹಾಗಾಗುತ್ತದೆ. ನಮ್ಮ ಕೌಂಟರ್‌ಗೆ ಮೊದಲನೆಯದೇ ಆಗಬೇಕು, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಅಂಗಡಿಯಲ್ಲೇ ನಿಂತು ಬಗ್ಗಿಸಿ ನೋಡಿ ತನ್ನಿ. ಫೋನಿನಲ್ಲಿ ಹೇಳಿ ತರಿಸಿದರೆ ಹತ್ತಕ್ಕೆ ಐದು ಸಲ ಉಲ್ಟಾ ಬರುತ್ತದೆ.

ಹೊರುವುದು, ಇಡುವುದು

8×4 ಅಡಿಯ 18 ಮಿ.ಮೀ. ಪ್ಲೈ 30ರಿಂದ 35 ಕೆಜಿ ತೂಗುತ್ತದೆ. ಎಂಡಿಎಫ್ (ಕಟ್ಟಿಗೆಯ ನಾರು ಒತ್ತಿ ಮಾಡಿದ ಹಲಗೆ) ಆದರೆ 40 ಕೆಜಿ. ತೂಕಕ್ಕಿಂತ ಅದರ ಅಗಲವೇ ತೊಂದರೆ, ಅಲ್ವಾ? ಒಬ್ಬರೇ ಹೊರುವುದಾದರೆ ಹದಿನೆಂಟು ಅಡಿ ಹಗ್ಗ ತಗೊಂಡು ಎರಡು ತುದಿ ಸೇರಿಸಿ ಗಂಟು ಹಾಕಿ. ಶೀಟನ್ನು ಉದ್ದ ಬದಿಯ ಮೇಲೆ ನಿಲ್ಲಿಸಿ, ಹಗ್ಗದ ಕುಣಿಕೆಯನ್ನು ಕೆಳಗಿನ ಎರಡೂ ಮೂಲೆಗಳಿಗೆ ಸಿಕ್ಕಿಸಿ, ನಡುವೆ ಹಿಡಿದು ಎತ್ತಿ. ಸೊಂಟ ಬಾಗಬಾರದು, ಮೊಣಕಾಲು ಮಡಚಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ನಮ್ಮ ಕಡೆ ಧೂಳುಗಾಳಿ ಏಳುತ್ತದೆ. ಆಗ ಒಬ್ಬರೇ ಶೀಟು ಹಿಡಿದು ರಸ್ತೆ ದಾಟಬೇಡಿ. ಗಾಳಿ ಶೀಟಿನ ಸಮೇತ ಮನುಷ್ಯನನ್ನು ತಿರುಗಿಸಿಬಿಡುತ್ತದೆ.

ಗೋಡೆಗೆ ಒರಗಿಸಿಟ್ಟ ಶೀಟು ಬಿಲ್ಲಿನ ಹಾಗೆ ಬಾಗುತ್ತದೆ. ಮಲಗಿಸಿಯೇ ಇಡಿ. ಕೆಳಗೆ ಸಮನಾಗಿ ನಾಲ್ಕು ರೀಪರ್ (ಕಟ್ಟಿಗೆ ಪಟ್ಟಿ) ಇರಲಿ. ಶಹಾಬಾದ್ ಫರ್ಸಿ ಕಲ್ಲಿನ ನೆಲ ಎಷ್ಟೇ ನುಣುಪಾಗಿದ್ದರೂ ಅದರ ಮೇಲೆ ನೇರವಾಗಿ ಇಡಬೇಡಿ. ಮಳೆಗಾಲದಲ್ಲಿ ನೆಲದ ತೇವ ಪ್ಲೈಗೆ ಏರುತ್ತದೆ.

ಕೊಯ್ಯುವುದು

ಕೈಯಲ್ಲಿ ಹಿಡಿಯುವ ಕಟ್ಟರ್ ಮಿಷನ್ ಆದರೆ ಚೆಂದದ ಮುಖ ಕೆಳಗೆ. ಅದರ ಬ್ಲೇಡು ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತದೆ, ಸೀಳು ಏಳುವುದು ಮೇಲಿನ ಮುಖದಲ್ಲಿ. ಟೇಬಲ್ ಮಿಷನ್ ಆದರೆ ಚೆಂದದ ಮುಖ ಮೇಲೆ. ನೆಲದ ಮೇಲೆ ರೀಪರ್ ಹಾಸಿ, ಕೊಯ್ಯುವ ಗೆರೆಯ ಎರಡೂ ಕಡೆ ಆಸರೆ ಕೊಡಿ. ಒಂದು ಕಡೆ ಜೋತುಬಿದ್ದರೆ ಬ್ಲೇಡು ಸಿಕ್ಕಿಕೊಂಡು ಮಿಷನ್ ಹಿಂದಕ್ಕೆ ಎಗರುತ್ತದೆ.

ಬಾಯಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಸರಿಯಾದ ಮಾಸ್ಕ್ ಹಾಕಿ. ಕಟ್ಟಿಗೆಯ ಧೂಳು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ. ಹದಿನೆಂಟು ವರ್ಷದ ಹುಡುಗರು ದಿನವಿಡೀ ಆ ಧೂಳಿನಲ್ಲಿ ನಿಂತಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಫರ್ಮಾ: ಇಲ್ಲಿ ಅವಸರ ಬೇಡ

ಫರ್ಮಾ ಸರಿ ಇದ್ದರೆ ಗೋಲಾಯಿ ತಾನಾಗಿಯೇ ಸರಿ ಬರುತ್ತದೆ. ನಮ್ಮ ಕಲಬುರಗಿ ಕೋಟೆಯ ಜಾಮಿ ಮಸೀದಿಗೆ ಹೋಗಿ ನೋಡಿ. 1367ರದು. ಒಳಗೆ ಸಾಲು ಸಾಲು ಕಮಾನು. ಕಲ್ಲಿನ ಕಮಾನು ಕಟ್ಟುವವರು ಮೊದಲು ಅದರ ಅಡಿಗೆ ಕಟ್ಟಿಗೆಯ ಆಸರೆ ನಿಲ್ಲಿಸುತ್ತಾರೆ. ಆ ಆಸರೆಯ ಬಾಗು ಹೇಗೋ ಕಮಾನಿನ ಬಾಗೂ ಹಾಗೆ. ನಮ್ಮ ಕೆಲಸವೂ ಅದೇ.

ಈಗ ಲೆಕ್ಕ. ಹೊರಮೈ ಗೋಲಾಯಿ ಒಂದು ಅಡಿ, ಅಂದರೆ 305 ಮಿ.ಮೀ. ಅದರಲ್ಲಿ ಮೂರು ಪದರದ ದಪ್ಪ 18 ಕಳೆಯಿರಿ. ಫರ್ಮಾದ ಗೋಲಾಯಿ 287. ಕಲಬುರಗಿಯ ಆ ಹುಡುಗ ಫರ್ಮಾವನ್ನೇ 305ಕ್ಕೆ ಕೊಯ್ದಿದ್ದ. 6 ಮಿ.ಮೀ. ಅಂತ ಕೊಟ್ಟ ಶೀಟು ಎಷ್ಟೋ ಸಲ ಐದೂವರೆ ಇರುತ್ತದೆ. ಆದ್ದರಿಂದ ಮೂರು ಚೂರುಗಳನ್ನು ಒಂದರ ಮೇಲೊಂದು ಒತ್ತಿ ಹಿಡಿದು ಅಳೆಯಿರಿ, ಬಂದಷ್ಟನ್ನೇ ಕಳೆಯಿರಿ. ಕೊನೆಗೆ ಮೇಲೆ ಅಂಟಿಸುವ ಮೈಕಾದ ದಪ್ಪ ಲೆಕ್ಕಕ್ಕೆ ಬೇಡ, ಅದು ನೇರ ಹಲಗೆಗೂ ಗೋಲಾಯಿಗೂ ಒಂದೇ.

ಒಂದು ಪಟ್ಟಿಯ ತುದಿಗೆ ಮೊಳೆ ಹೊಡೆದು, 287 ಮಿ.ಮೀ. ದೂರಕ್ಕೆ ಪೆನ್ಸಿಲ್ ಕೂರುವ ತೂತು ಮಾಡಿ. 12 ಮಿ.ಮೀ. ಎಂಡಿಎಫ್ ಮೇಲೆ ಕಾಲು ವೃತ್ತ ಎಳೆಯಿರಿ. ಬಾಗು ಮುಗಿದಲ್ಲೇ ನಿಲ್ಲಿಸಬೇಡಿ. ಎರಡೂ ಕಡೆ ಆರು ಇಂಚು ನೇರ ಗೆರೆ ಮುಂದುವರಿಸಿ. ಬಾಗು ಶುರುವಾಗುವ ಜಾಗದಲ್ಲೇ ಜೋಡಣೆ ಬಂದರೆ ಅದು ಯಾವತ್ತಿದ್ದರೂ ಬಾಯಿ ಬಿಡುತ್ತದೆ. ಜಿಗ್‌ಸಾದಿಂದ ಗೆರೆಯ ಹೊರಗೆ ಒಂದು ಸೂತ (ಇಂಚಿನ ಎಂಟನೇ ಒಂದು ಭಾಗ) ಬಿಟ್ಟು ಕೊಯ್ದು, ಉಳಿದದ್ದನ್ನು ಅರ ಮತ್ತು ಸ್ಯಾಂಡ್ ಪೇಪರ್‌ನಿಂದ ಇಳಿಸಿ. ಪೇಪರನ್ನು ಬೆರಳಿಗೆ ಸುತ್ತಿ ಉಜ್ಜಿದರೆ ತಗ್ಗು ಬೀಳುತ್ತದೆ. ಬಾಗುವಂಥ ತೆಳ್ಳಗಿನ, ಒಂದು ಅಡಿ ಉದ್ದದ ಪಟ್ಟಿಗೆ ಅಂಟಿಸಿ ಉಜ್ಜಿ.

ಆಮೇಲೆ ಕಣ್ಣು ಮುಚ್ಚಿ. ನಡುಬೆರಳಿನ ತುದಿಯನ್ನು ಅಂಚಿನ ಮೇಲೆ ನಿಧಾನಕ್ಕೆ ಆಡಿಸಿ. ಉಬ್ಬು ತಗ್ಗು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಗೊತ್ತಾದ ಕಡೆ ಪೆನ್ಸಿಲ್ ಗುರುತು ಹಾಕಿ, ಅಲ್ಲಿ ಮಾತ್ರ ಉಜ್ಜಿ, ಮತ್ತೆ ಕಣ್ಣು ಮುಚ್ಚಿ. ಇದಕ್ಕೆ ಅರ್ಧ ಗಂಟೆ ಹೋದರೂ ಹೋಗಲಿ. ಈ ಎಂಡಿಎಫ್ ಅಚ್ಚಿನಲ್ಲಿ ಉಳಿದ ಉಬ್ಬು ಎಲ್ಲ ತುಂಡುಗಳಿಗೂ ಇಳಿಯುತ್ತದೆ, ಕೊನೆಗೆ ಹೊಳೆಯುವ ಮೈಕಾ ಅದನ್ನು ಎತ್ತಿ ತೋರಿಸುತ್ತದೆ.

ಅಚ್ಚನ್ನು 18 ಮಿ.ಮೀ. ಪ್ಲೈ ತುಂಡುಗಳ ಮೇಲೆ ಕೂರಿಸಿ, ರೂಟರ್ ಮಿಷನ್‌ಗೆ ಬೇರಿಂಗ್ ಬಿಟ್ (ಅಚ್ಚಿನ ಅಂಚು ಹಿಡಿದು ಹೋಗುವ ಬಿಟ್) ಹಾಕಿ ಏಳು ಪ್ರತಿ ತೆಗೆಯಿರಿ. ಆರು ಇಂಚಿಗೊಂದರಂತೆ ನಿಲ್ಲಿಸಿ ರೀಪರ್‌ನಿಂದ ಜೋಡಿಸಿದರೆ ಸುಮಾರು 37 ಇಂಚು ಎತ್ತರದ ಫರ್ಮಾ ಸಿದ್ಧ. ಇನ್ನೆರಡು ಪ್ರತಿ ಜಾಸ್ತಿ ತೆಗೆದಿಡಿ. ಅವು ಕೌಂಟರ್ ಒಳಗೆ ಗೋಲಾಯಿಗೆ ಆಸರೆಯಾಗುತ್ತವೆ.

ಗರಗಸದ ಗೀರು ಹಾಕಿದರೆ ಆಗಲ್ವಾ?

ಎಲ್ಲರೂ ಕೇಳುವ ಪ್ರಶ್ನೆ. 18 ಮಿ.ಮೀ. ಪ್ಲೈಯ ಹಿಂದೆ ಗೀರು ಹಾಕಿ, ಮುಂದೆ ಎರಡು ಮೂರು ಮಿ.ಮೀ. ಉಳಿಸಿ ಬಗ್ಗಿಸುವ ದಾರಿ ಅದು. 90 ಡಿಗ್ರಿ ತಿರುಗಬೇಕಾದರೆ ಒಳಮೈ ಹೊರಮೈಗಿಂತ ಸುಮಾರು 28 ಮಿ.ಮೀ. ಗಿಡ್ಡ ಆಗಬೇಕು. ಬ್ಲೇಡಿನ ದಪ್ಪ ಎರಡೂವರೆ ಮಿ.ಮೀ. ಆದರೆ ಹನ್ನೊಂದು ಗೀರಿನಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಒಂದು ಅಡಿ ಗೋಲಾಯಿಯ ಮೇಲೆ ಹನ್ನೊಂದು ಗೀರು ಹಂಚಿದರೆ ಸುಮಾರು ಒಂದೂಮುಕ್ಕಾಲು ಇಂಚಿಗೆ ಒಂದು ಮಡಿಕೆ ಬೀಳುತ್ತದೆ. ಲೈಟ್ ಬಿದ್ದಾಗ ಅಷ್ಟೂ ಮಡಿಕೆ ಎಣಿಸಬಹುದು. ಗಿರಾಕಿಯ ಕಾಲು ತಾಗುವ ಜಾಗಕ್ಕೆ ಮೂರು ಮಿ.ಮೀ. ಚರ್ಮ ಸಾಲುವುದೂ ಇಲ್ಲ. ಕಾಣದ ಒಳಭಾಗಕ್ಕೆ ಮಾಡಿ. ಮುಂದೆ ಕಾಣುವ ಕಡೆ ನಾನಂತೂ ಮಾಡುವುದಿಲ್ಲ, ನೀವೂ ಮಾಡಬೇಡಿ.

ಪದರ ಅಂಟಿಸುವುದು

ಕಾಲು ವೃತ್ತದ ಹೊರಮೈ ಉದ್ದ 19 ಇಂಚು. ಎರಡೂ ಕಡೆ ಐದೈದು ಇಂಚು ನೇರ ಭಾಗ, ತುದಿಯಲ್ಲಿ ಒಂದೊಂದು ಇಂಚು ಹೆಚ್ಚಿಗೆ. ಒಟ್ಟು 31 ಇಂಚು. ಎತ್ತರ 38. ಎಂಟು ಅಡಿಯ ಬದಿ ಸುತ್ತಿಕೊಳ್ಳುವ ಶೀಟಿನಲ್ಲಿ ಇಂಥ ಮೂರು ತುಂಡು ಸರಿಯಾಗಿ ಬರುತ್ತವೆ. ಇನ್ನೊಂದು ಜಾತಿಯದರಲ್ಲಿ ಎರಡೇ.

ಮೊದಲು ಅಂಟಿಲ್ಲದೆ ಒಮ್ಮೆ ಪೂರ್ತಿ ಕಟ್ಟಿ ನೋಡಿ. ಎಷ್ಟು ಕ್ಲಾಂಪ್ ಬೇಕು, ಯಾರು ಎಲ್ಲಿ ಹಿಡಿಯಬೇಕು, ಯಾವ ಪಟ್ಟಿ ಗಿಡ್ಡ ಆಯಿತು ಅನ್ನುವುದು ಆಗಲೇ ತಿಳಿಯುತ್ತದೆ. ಅಂಟು ಹಚ್ಚಿದ ಮೇಲೆ ಕ್ಲಾಂಪ್ ಹುಡುಕಲು ಓಡಿದರೆ ಕೆಲಸ ಕೆಟ್ಟಂತೆ.

ಏಪ್ರಿಲ್, ಮೇನಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡಿನಲ್ಲಿ ಫೆವಿಕಾಲ್ ಹಚ್ಚಿ ಮುಗಿಸುವಷ್ಟರಲ್ಲಿ ಶುರುವಿನ ಕಡೆ ಒಣಗಿರುತ್ತದೆ. ಬೆಳಗ್ಗೆ ಆರಕ್ಕೆ ಈ ಕೆಲಸ ಇಟ್ಟುಕೊಳ್ಳಿ. ಬೇಗ ಹರಡಲಿ ಅಂತ ಅಂಟಿಗೆ ನೀರು ಬೆರೆಸುವವರಿದ್ದಾರೆ. ಬೆರೆಸಬೇಡಿ, ಹಿಡಿತ ಹೋಗುತ್ತದೆ. ಮೈಕಾಕ್ಕೆ ಬಳಸುವ ರಬ್ಬರ್ ಅಂಟೂ ಇಲ್ಲಿ ಬೇಡ. ಅದು ಒಣಗಿದ ಮೇಲೂ ಮೆತ್ತಗೆ ಜಾರುತ್ತದೆ, ಗೋಲಾಯಿ ದಿನದಿನಕ್ಕೆ ಬಿಚ್ಚಿಕೊಳ್ಳುತ್ತದೆ. ಬಿಳಿ ಅಂಟೇ ಸರಿ.

ಫರ್ಮಾದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಇಲ್ಲದಿದ್ದರೆ ಫರ್ಮಾ ಕೂಡ ಕೌಂಟರ್‌ಗೇ ಅಂಟುತ್ತದೆ. ಹಳೆಯ ಹ್ಯಾಕ್ಸಾ ಬ್ಲೇಡಿನ ಹಲ್ಲಿನಿಂದ ಅಂಟನ್ನು ತೆಳ್ಳಗೆ, ಎಲ್ಲೂ ಖಾಲಿ ಬಿಡದೆ ಎಳೆಯಿರಿ. ಮೂರೂ ಪದರ ಜೋಡಿಸಿ, ಮೂರರ ನಡುಗೆರೆಯೂ ಫರ್ಮಾದ ನಡುಗೆರೆಗೆ ಕೂಡುವಂತೆ ಇಟ್ಟು, ಮೇಲೊಂದು ಕೆಳಗೊಂದು ಸಣ್ಣ ಮೊಳೆ ಹೊಡೆಯಿರಿ. ನಡುವಿನಿಂದ ಎರಡೂ ತುದಿಗೆ ಒತ್ತುತ್ತಾ ಹೋಗಿ. ಬಾಗುವಾಗ ಪದರಗಳು ಒಂದರ ಮೇಲೊಂದು ಜಾರುತ್ತವೆ, ತುದಿಗಳು ಮೆಟ್ಟಿಲಿನ ಹಾಗೆ ನಿಲ್ಲುತ್ತವೆ. ಅದು ತಪ್ಪಲ್ಲ. ಒಂದು ತುದಿಗೆ ಮೊದಲೇ ಮೊಳೆ ಹೊಡೆದು ಇನ್ನೊಂದು ತುದಿಗೆ ಎಳೆಯುವುದು ತಪ್ಪು. ಹಾಗೆ ಮಾಡಿದರೆ ನಡುವೆ ಗಾಳಿ ಉಳಿಯುತ್ತದೆ.

ಬಾಗಿನ ಮೇಲೆ ಎರಡು ಇಂಚಿಗೊಂದು ರೀಪರ್ ನಿಲ್ಲಿಸಿ, ಅದರ ಮೇಲೆ ಹಳೆಯ ಸೈಕಲ್ ಟ್ಯೂಬ್ ಬಿಗಿಯಾಗಿ ಸುತ್ತಿ. ಟ್ಯೂಬನ್ನು ಉದ್ದಕ್ಕೆ ಸೀಳಿ ಪಟ್ಟಿ ಮಾಡಿಕೊಂಡಿದ್ದರೆ ಸಾಕು. ದುಬಾರಿ ಬೆಲ್ಟ್ ಕ್ಲಾಂಪ್ ಇಷ್ಟು ಸಮನಾಗಿ ಒತ್ತುವುದಿಲ್ಲ. ಒಂದು ಮಾತು ನೆನಪಿಡಿ: ಟ್ಯೂಬು ಬಾಗಿನ ಮೇಲೆ ಮಾತ್ರ ಒತ್ತುತ್ತದೆ. ಎರಡೂ ಕಡೆಯ ನೇರ ಭಾಗದ ಮೇಲೆ ಅದು ಸುಮ್ನೆ ಹಾದು ಹೋಗುತ್ತದೆ. ಅಲ್ಲಿಗೆ ದಪ್ಪ ಪಟ್ಟಿ ಇಟ್ಟು ಸಿ ಕ್ಲಾಂಪ್ ಹಾಕಲೇಬೇಕು.

24 ಗಂಟೆ ಮುಟ್ಟಬೇಡಿ. ಬಿಚ್ಚಿದಾಗ ತುಸು ಅರಳಿದರೆ ಗಾಬರಿ ಬೇಡ, ಒಳಗಿನ ಆಸರೆಗೆ ಸ್ಕ್ರೂ ಹಾಕಿದಾಗ ಸರಿ ಕೂರುತ್ತದೆ. ಎರಡೇ ಪದರ ಹಾಕಿದವರಿಗೆ ಜಾಸ್ತಿ ಅರಳುತ್ತದೆ.

ಕೂರಿಸುವುದು

ತುದಿಗಳನ್ನು ಐದು ಇಂಚಿಗೆ ನೇರ ಕೊಯ್ದು, ಮೇಲೆ ಕೆಳಗೆ ಒಂದೊಂದು ಇಂಚು ತೆಗೆದು, ನೇರ ಹಲಗೆಗೆ ಹಿಂದಿನಿಂದ ಪಟ್ಟಿ ಕೊಟ್ಟು ಸ್ಕ್ರೂ ಹಾಕಿ. ಮೈಕಾ ಬಗ್ಗಿಸುವ ಮೊದಲು ಅದರ ಅಂಚಿಗೆ ಅರ ಹೊಡೆಯಿರಿ. ಬಿರುಕು ಶುರುವಾಗುವುದು ಅಂಚಿನ ಸಣ್ಣ ಚೂರು ಹಾರಿದ ಜಾಗದಿಂದಲೇ. ನೇರ ಹಲಗೆಗೆ ಅಂಟಿಸಿದ ಮೈಕಾ ಅದುಮಲು ಎರಡು ಅಡಿ ಚೌಕದ, ಒಂದು ಇಂಚು ದಪ್ಪದ ಫರ್ಸಿ ಕಲ್ಲು ಇಡಿ. ಸುಮಾರು 25 ಕೆಜಿ ತೂಗುತ್ತದೆ, ನಮ್ಮೂರಲ್ಲಿ ಎಲ್ಲಿ ಕೇಳಿದರೂ ಸಿಗುತ್ತದೆ.

ಮೇಲಿನ ಅಂಚಿಗೆ ಸಾಗವಾನಿಯ ದುಂಡು ಪಟ್ಟಿ ಬೇಕು ಅನ್ನುವವರು ಅದನ್ನು ಒಂದೇ ಹಲಗೆಯಲ್ಲಿ ಕೊಯ್ಯಬೇಡಿ. ಬಂಡಿಯ ಗಾಲಿ ನೋಡಿದ್ದೀರಲ್ಲ, ಅದರ ಸುತ್ತನ್ನು ತುಂಡು ತುಂಡಾಗಿಯೇ ಜೋಡಿಸಿರುತ್ತಾರೆ. ಕಟ್ಟಿಗೆಯ ಎಳೆ ಬಾಗಿನ ಜೊತೆಗೇ ಸಾಗಬೇಕು. ಎಳೆ ಅಡ್ಡ ಬಿದ್ದ ಕಡೆ ಪಟ್ಟಿ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಕಾಲು ವೃತ್ತಕ್ಕೆ ಮೂರು ತುಂಡು ಸಾಕು.

ಫರ್ಮಾ ಒಡೆದು ಒಲೆಗೆ ಹಾಕಬೇಡಿ. ಅದರ ಮೈಮೇಲೆ "287, ಮೂರು ಪದರ 18, ಹೊರಗೆ 305" ಅಂತ ದಪ್ಪ ಅಕ್ಷರದಲ್ಲಿ ಬರೆದು ಅಟ್ಟಕ್ಕೆ ಏರಿಸಿ.